ಫೆಬ್ರವರಿ ಮೂವತ್ತೊಂದು

ಜನವರಿ ಮೂವತ್ತೊಂದಕ್ಕೆ ಗ್ಯಾರೇಜಿಗೆ ಸೇರಿದೆ. ತಿಂಗಳಾದ ಮೇಲೆ ಕೆಲಸ ಖಾಯಂ ಅಂದಿದ್ದರು. ಮಾರ್ಚ್ ಬಂದರೂ ಸುದ್ದಿಯಿಲ್ಲ. ಕೇಳಿದ್ದಕ್ಕೆ ಮಾಲೀಕರು ಕಂಪ್ಯೂಟರ್ ತೋರಿಸಿದರು: ಖಾಯಮಾಗುವ ದಿನ, ಫೆಬ್ರವರಿ ೩೧.

“ಆ ದಿನ ಬರ್ಲಿ ತಡಿಯಪ್ಪ. ನಮ್ಮ ಅಳಿಯಂದ್ರು ಬರೆದ ಪ್ರೋಗ್ರಾಮು, ತಪ್ಪಾಗಲ್ಲ.”

ನನಗೆ ಮೈಯೆಲ್ಲ ಉರಿಯಿತು. ಆ ಅಳಿಯ ತಿಂಗಳಿಗೆ ಒಂದು ಕೂಡಿಸಿ, ತಾರೀಖನ್ನು ಹಾಗೇ ಬಿಟ್ಟು ಕೈತೊಳೆದುಕೊಂಡಿದ್ದ. ಮರುದಿನ ಅವನದೇ ಸ್ಕೂಟರ್ ರಿಪೇರಿಗೆ ಬಂತು. ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿದೆ.

“ಯಾವಾಗ ಕೊಡ್ತೀಯೋ?”

“ಫೆಬ್ರವರಿ ಮೂವತ್ತೊಂದಕ್ಕೆ ಬನ್ನಿ, ಅಳಿಯಂದ್ರೆ.”

“ಅಂಥ ದಿನ ಎಲ್ಲಿದೆಯೋ ಕತ್ತೆ?”

“ನಿಮ್ಮ ಮಾವನೋರ ಕಂಪ್ಯೂಟರಲ್ಲಿದೆ!”

ಅವನು ಪೆಚ್ಚುಮೋರೆ ಹಾಕಿಕೊಂಡು ಒಳಗೆ ಹೋಗಿ ತಿದ್ದಿದ: ಇಲ್ಲದ ತಾರೀಖು ಬಂದರೆ ಆ ತಿಂಗಳ ಕೊನೇ ದಿನ ಹಿಡಿ. ಸಂಜೆಗೆ ನಾನು ಖಾಯಂ ಆದೆ. ಸ್ಕೂಟರಿನ ಮೂರು ನಟ್ಟು ಇನ್ನೂ ಸಿಕ್ಕಿಲ್ಲ. ಅದಕ್ಕೆ ನನ್ನನ್ನು ಕೆಲಸದಿಂದ ಓಡಿಸೋಣವೆಂದರೆ, ನಾನೀಗ ಖಾಯಂ.