ಅಡ್ಡ ಬಂದ ಕೊಂಬೆ

ಮತ್ತೆ ಆ ಕೊಂಬೆ, ಹಾಳಾದ್ದು, ಗಾಳಿಯೇ ಇಲ್ಲದಿದ್ದರೂ ಅಲುಗಿ ಸರಿಯಾಗಿ ಮಿಂಚುಳ್ಳಿಯ ಎದೆಯ ಮೇಲೇ ಬಂದು ನಿಲ್ಲುತ್ತದೆ, ಆಶಾರಾಣಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ ರೀ, ಸ್ವಲ್ಪ ಹಿಡ್ಕೊಳ್ಳಿ ಅಂದುಬಿಡುತ್ತಾಳೆ, ಅಂದ ಮೇಲೆ ನೆನಪಾಗುತ್ತದೆ ಹಿಡಿಯುವವನಿಲ್ಲ ಎಂದು, ಶೆಟ್ಟಿಹಳ್ಳಿಯ ಹಿನ್ನೀರಿನ ದಡದಲ್ಲಿ ಅವಳೊಬ್ಬಳೇ — ಆ ಕಡೆ ಪಾಳು ಚರ್ಚಿನ ಹತ್ತಿರ ಮದುವೆಯಾಗಲಿರುವ ಯಾವುದೋ ಜೋಡಿ, ಹುಡುಗಿಯ ಉದ್ದದ ಕೆಂಪು ಗೌನು, ಡ್ರೋನಿನ ಗುಂಯ್ ಗುಂಯ್ — ಈ ಕಡೆ ಒಂದು ಜಾಲಿ ಮರ, ನೀರಿನಲ್ಲಿ ಮೀನಿನವರು ನೆಟ್ಟ ಗೂಟ, ಗೂಟದ ಮೇಲೆ ಹಕ್ಕಿ, ಹಕ್ಕಿಗೂ ಅವಳಿಗೂ ನಡುವೆ ಈ ಕೊಂಬೆ. ಕಡಿದು ಹಾಕಿ ಅಂತ ಗಂಡನಿಗೆ ಎಷ್ಟು ಸಲ ಹೇಳಿದ್ದಳು, ಕಾಂತರಾಜು ಕೇಳಿದ್ದರೆ ತಾನೆ, ಅದ್ರ ಪಾಡಿಗೆ ಅದು ಅದೆ ಕಣೇ, ನಾವು ತಾನೆ ಬಂದು ಅಡ್ಡ ಕೂತಿರೋದು, ನೀನು ಫೋಟೊ ಒಡ್ಕೊ, ನಾನು ಕೊಂಬೆ ಇಡ್ಕೊತೀನಿ. ಹಿಡಿದೇ ಹಿಡಿದ. ಹೇಮಾವತಿ ಮೈದುಂಬಿ ಚರ್ಚಿನ ಅರ್ಧ ಗೋಡೆ ನುಂಗಿದಾಗ ಒಂದು ಕೈಯಲ್ಲಿ ಅವಳ ತಲೆಗೆ ಕೊಡೆ, ಇನ್ನೊಂದರಲ್ಲಿ ಕೊಂಬೆ, ತಾನು ಮಾತ್ರ ತೊಯ್ದು ತೊಪ್ಪೆ, ಜಾಲಿಯ ಹಳದಿ ಹೂವೆಲ್ಲ ಉದುರಿ ಅವನ ತಲೆಯ ಮೇಲೆ — ಕಾರ್ತಿಕದ ಮಂಜಿನಲ್ಲಿ ಮಫ್ಲರ್ ಸುತ್ತಿಕೊಂಡು ನಡುಗುತ್ತ, ಅಕ್ಕಿನೂ ಕಾಣಾಕಿಲ್ಲ ಮರನೂ ಕಾಣಾಕಿಲ್ಲ, ಏನ್ ಇಡ್ಕೊಂಡಿದೀನೋ ಆ ದೇವ್ರಿಗೇ ಗೊತ್ತು — ನೀರಿಳಿದು ದಡ ಬಿರುಕು ಬಿಡುವ ಬೇಸಿಗೆಯಲ್ಲಿ ಬೇಗ ಒಡಿಯೇ, ಮುಳ್ಳು ಚುಚ್ತಾ ಅದೆ. ಹೊಳೆನರಸೀಪುರದಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ, ಉಗುರಿನ ಸಂದಿಯ ವಾರ್ನಿಷು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಆ ಕಪ್ಪು ಉಗುರಿನ ಕೈ ಪ್ರತಿ ಚಿತ್ರದ ಅಂಚಿನಲ್ಲೂ ಬಂದು ಕೂರುತ್ತಿತ್ತು, ಅವಳು ಮನೆಗೆ ಬಂದು ಕಂಪ್ಯೂಟರಿನಲ್ಲಿ ಮೊದಲು ಮಾಡುತ್ತಿದ್ದ ಕೆಲಸವೇ ಆ ಅಂಚನ್ನು ಕತ್ತರಿಸುವುದು. ಹಾಸನದ ಪ್ರದರ್ಶನದಲ್ಲಿ ತೀರ್ಪುಗಾರರು ಚೌಕಟ್ಟು ಎಷ್ಟು ಚೊಕ್ಕವಾಗಿದೆ, ಒಂದು ಕಡ್ಡಿಯೂ ಅಡ್ಡ ಬಂದಿಲ್ಲ ಅಂದಾಗ ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ, ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು. ಅವತ್ತು ಅವಳಿಗೆ ನಗು ಬಂದಿತ್ತು.

ನಾಳಿದ್ದು ವರ್ಷದ ತಿಥಿ. ಹೋದ ವರ್ಷವೂ ಹೀಗೇ ಹೊಂಗೆ ಚಿಗುರಿತ್ತು, ಅಂಗಡಿಯಲ್ಲಿ ಎದೆ ಒತ್ತಿಕೊಂಡು ಕೂತವನು ಮೇಲೇಳಲಿಲ್ಲ, ಆಮೇಲೆ ಯಾರೋ ಬಂದು ಫ್ಲೆಕ್ಸಿಗೆ ಫೋಟೊ ಕೊಡಿ ಅಂದರು, ಎಲ್ಲಿಂದ ಕೊಡುತ್ತಾಳೆ, ಮಿಂಚುಳ್ಳಿ ಇದೆ, ಹೆಬ್ಬಾತು ಇದೆ, ಮಂಜು ಕವಿದ ಗೂಟ ಇದೆ, ಮದುವೆ ಆಲ್ಬಮ್ಮಿನಲ್ಲಿ ಮೀಸೆ ಸರಿಯಾಗಿ ಚಿಗುರದ ಯಾವನೋ ಹುಡುಗ ಇದ್ದಾನೆ, ಅವಳ ಕಾಂತರಾಜು ಎಲ್ಲೂ ಇಲ್ಲ, ಇತ್ತ ತಿರುಗಿ ಅಂದಾಗಲೆಲ್ಲ ನನ್ನೇನು ನೋಡ್ತೀಯ, ಅಕ್ಕಿ ಆರೋಯ್ತದೆ ನೋಡು ಅನ್ನುತ್ತಿದ್ದ, ಅವಳೂ ಹಕ್ಕಿಯನ್ನೇ ನೋಡಿದಳು. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ ಹಾಕಿದರು, ಸಿಕ್ಕಿಬಿದ್ದ ಕಳ್ಳನ ಹಾಗೆ ಕಣ್ಣು ಬಿಟ್ಟುಕೊಂಡು ಬೀದಿ ಕೊನೆಯಲ್ಲಿ ನಿಂತಿದ್ದ. ಅತ್ತೆ ಪುಟ್ಟತಾಯಮ್ಮ ಅದರ ಮುಂದೆ ನಿಂತು ಇವ್ನು ನನ್ ಮಗ ಅಲ್ಲ ಕಣವ್ವ ಅಂದರು, ಇಷ್ಟ್ ವರ್ಸದಿಂದ ಪಟ ತಗೀತಿದ್ಯಲ್ಲ, ನಿನ್ ತಾವ ಅವುನ್ದು ಒಂದೂ ಇಲ್ವಾ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವರು ಸುಮ್ಮನೆ ಕೇಳಿದ್ದು. ನೆನ್ನೆ ಅರಕಲಗೂಡಿನಿಂದ ಮತ್ತೆ ಫೋನು, ಈ ಸಲನಾದ್ರೂ ಒಂದು ಕೊಡವ್ವ, ಎಡೆ ಮುಂದೆ ಮಡಗಾನ. ಆಯ್ತು ಅತ್ತೆ ಅಂದುಬಿಟ್ಟಳು, ಯಾವ ಧೈರ್ಯದ ಮೇಲೆ ಅಂದಳೋ, ಬೆಳಿಗ್ಗೆ ಎದ್ದು ವರ್ಷದಿಂದ ಮುಟ್ಟದ ಕ್ಯಾಮೆರಾಗೆ ಚಾರ್ಜು ಮಾಡಿದ ಬ್ಯಾಟರಿ ಹಾಕಿಕೊಂಡು ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಾಳೆ, ಇಲ್ಲಿ ಬಂದರೆ ಅವನು ಸಿಗುತ್ತಾನೆ ಅನ್ನುವ ಹಾಗೆ.

ಪುರ್ರನೆ ಹಾರಿತು ಹಕ್ಕಿ. ಹೋಗಲಿ ಬಿಡು. ಕೈಗೆ ಕೆಲಸವಿಲ್ಲದೆ ಅವಳು ಹಿಂದಿನ ಚಿತ್ರಗಳ ಗುಂಡಿ ಒತ್ತುತ್ತಾಳೆ, ಕಾರ್ಡಿನಲ್ಲಿ ಹೋದ ಬೇಸಿಗೆ ಹಾಗೇ ಉಳಿದಿದೆ, ಬಿರುಕು ಬಿಟ್ಟ ದಡ, ಖಾಲಿ ಗೂಟ, ಆಮೇಲೆ — ಅಯ್ಯೋ, ಇದು, ಅವತ್ತಿನ ಕೆಟ್ಟ ಫೋಟೊ, ಇದಕ್ಕಾಗಿ ಎಷ್ಟು ರೇಗಿದ್ದಳು, ಕೈ ಪೂರ್ತಿ ಅಡ್ಡ ಬಂತಲ್ರೀ, ಫೋಕಸ್ಸೆಲ್ಲ ಕೈಗೇ ಹೋಯ್ತು, ಅವನು ನಗುತ್ತ ಅಳ್ಸಾಕು ಅತ್ಲಾಗೆ ಅಂದಿದ್ದ, ಅಳಿಸಲು ಹೊರಟಾಗ ಬ್ಯಾಟರಿ ಸತ್ತಿತ್ತು, ಎಂಥ ಒಳ್ಳೆಯ ಬ್ಯಾಟರಿ. ಹಕ್ಕಿ ಹಿಂದೆಲ್ಲೋ ನೀಲಿ ಕಲೆ. ಮುಂದೆ ಕೈ. ಕಪ್ಪು ಉಗುರು, ಗೆಣ್ಣಿನ ಮೇಲಿನ ಕೂದಲು, ಮಣಿಕಟ್ಟಿನಲ್ಲಿ ಬಣ್ಣ ಹೋದ ಕೆಂಪು ದಾರ, ಒಂದೊಂದೂ ಎಣಿಸುವ ಹಾಗೆ. ಮುಖ ಎಲ್ಲವ್ವ ಅನ್ನುತ್ತಾರಾ ಅತ್ತೆ, ಅನ್ನುವುದಿಲ್ಲ, ಆ ಉಗುರು ಕಂಡರೆ ಸಾಕು ಅವರಿಗೆ, ಇದನ್ನೇ ಕಟ್ಟು ಹಾಕಿಸಬೇಕು, ಎಡೆ ಮುಂದೆ ಇದೇ — ಹಕ್ಕಿ ಮತ್ತೆ ಬಂದು ಕೂತಿದೆಯೇನೋ, ಕೊಂಬೆ ಮತ್ತೆ ಅಡ್ಡ ಬಂದಿದೆಯೇನೋ, ಅವಳು ತಲೆ ಎತ್ತುವುದಿಲ್ಲ. ಕೊಂಬೆ ಹಿಡಿದ ಕೈ. ಹೆಬ್ಬೆರಳಿನ ಮೇಲೆ ಮುಳ್ಳು ಚುಚ್ಚಿದ ಕಡೆ ರಕ್ತದ ಒಂದು ಹನಿ, ಇನ್ನೂ ಒಣಗಿಲ್ಲ.