ಬಾಗಿಲ ನಂಬರಿನ ಬಂಗಾರ

ಭೀಮಲಿಂಗಪ್ಪ ತಮ್ಮ ಮಾರೆಪ್ಪನ ಪೆಟ್ಟಿಗೆಯನ್ನು ಅವನ ಹೆಣದ ಪಕ್ಕದಲ್ಲೇ ಬೋರಲು ಹಾಕಿ ತಳ ತಟ್ಟಿದ. ಕುಂಚಗಳು, ಸಣ್ಣದೊಂದು ಚಾಕು, ಎಣ್ಣೆಯ ಸೀಸೆ ಉರುಳಿದವು. ನಂಬರಿಗೆ ಅಂಟಿಸುವ ಚಿನ್ನದ ರೇಕಿನ ಹಾಳೆ ಸುತ್ತಿಡುವ ತೆಳು ಕಾಗದಗಳೂ ಬಿದ್ದವು. ಬರೀ ಕಾಗದ, ಒಳಗೆ ಏನೂ ಇರಲಿಲ್ಲ.

ಅವನು ಆಸ್ಪರಿಯಿಂದ ಬೆಳಗಿನ ಬಸ್ಸಿಗೆ ಬಂದವನು. ಅಳುವುದು ಮುಗಿಸಿ ಈಗ ಶಾಸ್ತ್ರ ಹಿಡಿದಿದ್ದ. ಬಾಯಿಗೆ ತುಳಸಿ ನೀರಿನ ಜೊತೆ ಚೂರು ಬಂಗಾರ ಬಿಡದೆ ಹೆಣ ಎತ್ತುವಂತಿಲ್ಲ, ಅದೂ ಸತ್ತವನ ಮನೆಯದೇ ಆಗಬೇಕು ಎಂದು ಅವನ ಹಟ. ಮಾರೆಪ್ಪನ ಹೆಂಡತಿ ಗಾದಿಲಿಂಗಮ್ಮನ ಕೊರಳಲ್ಲಿದ್ದದ್ದು ಅರಿಶಿನ ಕೊಂಬಿನ ತಾಳಿ. ಆದವಾನಿಯ ಸಾವುಕಾರರ ಬಾಗಿಲುಗಳಿಗೆ ಬಂಗಾರದ ನಂಬರು ಬರೆದವನ ಮನೆಯಲ್ಲಿ ಸಾಸಿವೆಯಷ್ಟು ಬಂಗಾರ ಇಲ್ಲವೆಂದರೆ ಯಾರು ನಂಬಬೇಕು? ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ, ಇವನು ಬಿಟ್ಟಾನೇ ಎಂದು ಯಾರೋ ಗೊಣಗಿದರು. ಅಕ್ಕಸಾಲಿ ಏಕಾಂತಪ್ಪ ಅಲ್ಲೇ ಕೂತಿದ್ದ. ಕೇಳಿಸದವನ ಹಾಗೆ ಕೆಮ್ಮಿದ.

ಎದುರು ಮನೆಯ ಹತ್ತಿ ಸಾವುಕಾರ ಸಿದ್ದಬಸಪ್ಪ ಬಂದಾಗಿನಿಂದ ಹೆಣಕ್ಕಿಂತ ಬಾಗಿಲನ್ನೇ ಹೆಚ್ಚು ನೋಡುತ್ತಿದ್ದ. ಬಾಗಿಲ ಮೇಲಿನ ಕಪ್ಪು ಹಲಗೆಯಲ್ಲಿ ಮಾರೆಪ್ಪನ ಮನೆ ನಂಬರು ಥಳಥಳಿಸುತ್ತಿತ್ತು.

"ಬಂಗಾರ ಅಲ್ಲೇ ಐತಲ್ಲ ಭೀಮಲಿಂಗಪ್ಪ," ಎಂದ ಅವನು. "ನಾವು ಕೊಟ್ಟ ರೇಕಿನಾಗ ಉಳಿಸಿಕೊಂಡಿದ್ದು. ಕೆರದು ಅವನ ಬಾಯಿಗೇ ಹಾಕ್ರಿ."

ಭೀಮಲಿಂಗಪ್ಪ ಚಾಕು ತೆಗೆದುಕೊಂಡು ಎದ್ದ. ಹೆಣದ ಬಳಿ ಕೂತಿದ್ದ ಗಾದಿಲಿಂಗಮ್ಮ ಅವನಿಗಿಂತ ಮುಂಚೆ ಬಾಗಿಲಿಗೆ ಹೋಗಿ ಅಡ್ಡ ನಿಂತಳು.

"ಅದನ್ನ ಮುಟ್ಟಬ್ಯಾಡ್ರಿ, ಭಾವಾರ."

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುವ ಹಾಗೆ ಕೂತವರೆಲ್ಲ ತಲೆಯಾಡಿಸಿದರು.

*

ಆಂಧ್ರ ರಾಜ್ಯವಾದ ಮರುವರ್ಷ ಬೀದಿಗೆಲ್ಲ ಹೊಸ ನಂಬರು ಬಂದಾಗ ಸಾವುಕಾರರಿಗೆ ಬಂಗಾರದ ಹುಚ್ಚು ಹಿಡಿಯಿತು. ಒಬ್ಬೊಬ್ಬರೇ ಬಂದು ಮಾರೆಪ್ಪನ ಬಾಗಿಲೆದುರು ನಿಂತು, ಅವನ ನಂಬರನ್ನೇ ನೋಡಿ, ನಮಗೆ ಹೀಗೇ ಹೊಳೆಯಬೇಕು, ಆದರೆ ಇದಕ್ಕಿಂತ ದಪ್ಪ ಇರಲಿ ಎನ್ನುತ್ತಿದ್ದರು. ದಪ್ಪ ಮಾಡಿದರೆ ಎಂಟರ ಹೊಟ್ಟೆ ಮುಚ್ಚಿಹೋಗುತ್ತದೆಂದು ಅವನು ಚೌಕಾಸಿ ಮಾಡಿ ತೆಳ್ಳಗಿನದಕ್ಕೆ ಒಪ್ಪಿಸುತ್ತಿದ್ದ. ಬರೆದು ಮುಗಿಸಿದ ಮೇಲೆ ಆ ಮನೆಯ ಹೆಂಗಸರಿಗೊಂದು ಪಾಠ: ಹಬ್ಬ ಬಂತೆಂದು ಹಿತ್ತಾಳೆ ದೀಪದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಹತ್ತಿಯಲ್ಲಿ ಮೆಲ್ಲಗೆ ಸವರಿದರೆ ಸಾಕು.

ಅವನ ಸ್ವಂತ ಬಾಗಿಲಿನದು ಮಾತ್ರ ಎಣ್ಣೆಯಲ್ಲಿ ಕಲಸಿದ ಹಿತ್ತಾಳೆ ಪುಡಿ. ಆಗಾಗ ಕಪ್ಪಾಗುತ್ತಿತ್ತು. ಬೀದಿ ಏಳುವ ಮುಂಚೆ ಗಾದಿಲಿಂಗಮ್ಮ ಏಣಿ ಹಿಡಿಯುತ್ತಿದ್ದಳು, ಅವನು ಹೊಸದಾಗಿ ಹಚ್ಚುತ್ತಿದ್ದ. ಚೂರುಪಾರು ರೇಕು ಉಳಿಯುತ್ತದಲ್ಲ, ಅದನ್ನೇ ಹಚ್ಚಬಾರದೇ ಎಂದು ಆಕೆ ಒಮ್ಮೆ ಕೇಳಿದ್ದಳು.

"ಉಳಿದಿದ್ದೂ ಅವರದೇ," ಎಂದಿದ್ದ ಮಾರೆಪ್ಪ. "ಇದು ಹಿತ್ತಾಳಿ ಅಂತ ಯಾರ ಮುಂದೂ ಅನಬ್ಯಾಡ. ಅಂದ್ರ ಎಲ್ಲಾರ್ದೂ ಹಿತ್ತಾಳಿ ಅಂತಾರ."

ಸುಳ್ಳನ್ನು ತೋರಿಸಿ ನಿಜವನ್ನು ಮಾರುವ ಇಂಥ ಪೆದ್ದನನ್ನು ಆ ಪೇಟೆ ಅದಕ್ಕೆ ಮುಂಚೆ ಕಂಡಿರಲಿಲ್ಲ.

*

ಬಾಯಿ ಮುಚ್ಚಿಕೊಂಡರೆ ಗಂಡ ಕಳ್ಳನಾಗುತ್ತಾನೆ, ಅದರ ಮೇಲೆ ಅವನ ಬಾಯಿಗೆ ಹಿತ್ತಾಳೆ ಬೀಳುತ್ತದೆ. ಬಾಯಿ ಬಿಟ್ಟರೆ ಅವನು ಕಾಯ್ದುಕೊಂಡ ಹೆಸರು ಹೋಗುತ್ತದೆ. ಇಂಥ ಇಕ್ಕಟ್ಟಿಗೆ ತನ್ನನ್ನು ಸಿಕ್ಕಿಸಿ ಮಲಗಿದನಲ್ಲ ಎಂದು ಗಾದಿಲಿಂಗಮ್ಮನಿಗೆ ಸತ್ತವನ ಮೇಲೇ ಸಿಟ್ಟು ಬಂತು.

"ಅದು ಹಿತ್ತಾಳಿ," ಎಂದಳು. "ಆತನ ಬಾಯಿಗೆ ಹಿತ್ತಾಳಿ ಹಾಕಬ್ಯಾಡ್ರಿ."

ಸಿದ್ದಬಸಪ್ಪನ ಮುಖ ಕಪ್ಪಿಟ್ಟಿತು. "ಹಂಗಾರ ನಂದು?"

ಉತ್ತರಕ್ಕೆ ಅವನು ಕಾಯಲಿಲ್ಲ. ಏಕಾಂತಪ್ಪನ ರೆಟ್ಟೆ ಹಿಡಿದು ಎಬ್ಬಿಸಿಕೊಂಡು ಬೀದಿ ದಾಟಿದ. ಹಿಂದೆಯೇ ಅರ್ಧ ಜನ ಎದ್ದರು. ಕೆಲವರು ಅತ್ತ ಹೋಗದೆ ತಮ್ಮ ತಮ್ಮ ಮನೆ ಕಡೆಗೇ ನಡೆದರು. ಏಕಾಂತಪ್ಪ ಒರೆಗಲ್ಲು ತರಿಸಿದ. ಸಾವುಕಾರನ ನಂಬರಿನ ಮೊದಲಂಕಿಯನ್ನು ಪೂರ್ತಿ ಕೆರೆದು ಉಂಡೆ ಮಾಡಿದ. ಗಸಗಸೆಯಷ್ಟಾಯಿತು. ಕಲ್ಲಿಗೆ ಉಜ್ಜಿ, ಹಿತ್ತಾಳೆಯನ್ನು ಕರಗಿಸುವ ತೇಜಾಬು ಹನಿಸಿದ. ಗೆರೆ ಕರಗದೆ ಹಾಗೇ ನಿಂತಿತು.

"ಚೊಕ್ಕ ಬಂಗಾರರೀ," ಎಂದ.

ಸಿದ್ದಬಸಪ್ಪ ಅರ್ಧ ಉಳಿದ ತನ್ನ ನಂಬರನ್ನು ನೋಡುತ್ತ ನಿಂತ. ಬೀದಿ ದಾಟಿ ಬಂದಿದ್ದ ಗಾದಿಲಿಂಗಮ್ಮ ಅಂಗೈ ಚಾಚಿದಳು.

"ಆತ ಕೈಯಾರೆ ಹಚ್ಚಿದ್ದು ಅದು. ಕೊಡ್ರಿ."

ಸಾವುಕಾರ ಒರೆಗಲ್ಲನ್ನು ಇನ್ನೊಮ್ಮೆ ನೋಡಿ, ಕೊಡು ಎಂದು ಏಕಾಂತಪ್ಪನಿಗೆ ಗದ್ದ ಆಡಿಸಿದ. ಮನೆಯದೇ ಆಗಬೇಕೆಂದಿದ್ದ ಭೀಮಲಿಂಗಪ್ಪ ಈಗ ತಾನೇ ತುಳಸಿ ನೀರು ಹಿಡಿದು ನಿಂತ. ಆ ಗಸಗಸೆ ಕಾಳನ್ನು ಆಕೆಯೇ ತಂದು ಗಂಡನ ಬಾಯಿಗೆ ಬಿಟ್ಟಳು.

ಹೆಣ ಎತ್ತಿದರು. ಕೆಟ್ಟ ಮಾತಿಗೆ ಕಾಲು ಹೆಚ್ಚು. ಹಿತ್ತಾಳೆ ಎಂಬ ಮಾತು ಆಗಲೇ ಬೀದಿಯ ಕೊನೆ ಮುಟ್ಟಿತ್ತು. ಬಂಗಾರ ಎಂಬುದು ಇನ್ನೂ ಹೆಣದ ಜೊತೆ ಮೆಲ್ಲಗೆ ನಡೆಯುತ್ತಿತ್ತು. ಎರಡೂ ಕಡೆ ಮನೆಯೊಡೆಯರು ಬೀದಿಗೆ ಬೆನ್ನು ಮಾಡಿ, ತಮ್ಮ ತಮ್ಮ ಬಾಗಿಲ ನಂಬರನ್ನು ಪರಪರ ಕೆರೆದು ನೋಡುತ್ತಿದ್ದರು. ಚಟ್ಟ ಹತ್ತಿರ ಬಂದಂತೆ ಒಬ್ಬೊಬ್ಬರೇ ತಿರುಗಿ ಭಕ್ತಿಯಿಂದ ಕೈ ಮುಗಿದರು. ಮುಗಿದ ಕೈಗಳ ಉಗುರುಗಳು ಬಿಸಿಲಿಗೆ ಹೊಳೆಯುತ್ತಿದ್ದವು.