ಮಂಜುನಾಥಪ್ಪನ ಜಮಖಾನ

ಹೊಟ್ಟೆಕಿಚ್ಚು ಯಾರಿಗಿಲ್ಲ? ನೆರೆಮನೆಯ ಎಮ್ಮೆ ಒಂದು ಕುಡ್ತೆ ಹಾಲು ಹೆಚ್ಚು ಕೊಟ್ಟರೆ ನಮ್ಮ ಮನೆಯ ಮಜ್ಜಿಗೆ ಹುಳಿಯಾಗುತ್ತದೆ. ಅದು ಲೋಕಾರೂಢಿ. ಆದರೆ ಹೊಸನಗರದ ಮಂಜುನಾಥಪ್ಪನಿಗೆ ಮಾಸ್ತಪ್ಪನ ಮೇಲೆ ಇದ್ದ ಹೊಟ್ಟೆಕಿಚ್ಚಿನಲ್ಲಿ ಒಂದು ಮದುವೆಮನೆಯ ಅಡುಗೆ ಬೇಯಿಸಬಹುದಾಗಿತ್ತು.

ಅದಕ್ಕೆ ಕಾರಣವೂ ಇತ್ತು ಅನ್ನಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ಸೇರಿ ನಮ್ಮದೊಂದು ಗೇಣಿ ರೈತರ ಪಕ್ಷವಿತ್ತು. ಬೇರೆಯವರ ಗದ್ದೆ ಉತ್ತು, ಬೆಳೆದ ಭತ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಡೆಯರ ಕಣಜಕ್ಕೆ ಹೊತ್ತುಹಾಕಿ ಬರುವ ಜನರ ಪಕ್ಷ. ಅದನ್ನು ಕಟ್ಟಿದವರಲ್ಲಿ ಮಂಜುನಾಥಪ್ಪ ಒಬ್ಬ. ಗೇಣಿ ಗಲಾಟೆಯಲ್ಲಿ ಪೊಲೀಸರ ಪೆಟ್ಟು ತಿಂದಿದ್ದ, ಜೈಲಿನ ಗಂಜಿ ಕುಡಿದಿದ್ದ. ಅರವತ್ತಾರನೇ ಇಸವಿಯಲ್ಲಿ ಹಳೆಯ ಅಧ್ಯಕ್ಷರು ತೀರಿಕೊಂಡಾಗ, ಮುಂದಿನ ಅಧ್ಯಕ್ಷ ತಾನೇ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹೆಣದ ಮುಂದೆ ಅಳುವಾಗಲೇ ಭಾಷಣದ ಮೊದಲ ವಾಕ್ಯ ಹೊಂದಿಸಿಕೊಂಡಿದ್ದ.

ಅಷ್ಟರಲ್ಲಿ ಬ್ಯಾಕೋಡಿನ ಕಡೆಯವರು ಮಾಸ್ತಪ್ಪನ ಹೆಸರು ಹೇಳಿದರು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮಾಸ್ತಪ್ಪನ ಗದ್ದೆ, ಮನೆ ಎಲ್ಲ ನೀರಿನಡಿ ಹೋಗಿತ್ತು. ಅವನು ಅಳುತ್ತ ಕೂರದೆ, ಮುಳುಗಿದ ಊರುಗಳವರನ್ನೆಲ್ಲ ಕಟ್ಟಿಕೊಂಡು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದ. ಆದರೆ ಪಕ್ಷಕ್ಕೆ ಅವನನ್ನು ಕರೆತಂದವನು ಯಾರು? ಮಂಜುನಾಥಪ್ಪ. ಭಾಷಣ ಮಾಡುವಾಗ ಕೈ ಎಲ್ಲಿಡಬೇಕು, ಎಲ್ಲಿ ಕೆಮ್ಮಬೇಕು ಎಂದು ಹೇಳಿಕೊಟ್ಟವನು ಯಾರು? ಅವನೇ.

"ನಾನು ಜೈಲಿಗೆ ಹೋದಾಗ ಅವ ಒಡೇರ ಮನೆ ದನ ಹೊಡ್ಕಂಡು ತಿರುಗ್ತಿದ್ದ. ಈಗ ಗುರುವಿಗೇ ತಿರುಮಂತ್ರ!" ಎಂದು ಮಂಜುನಾಥಪ್ಪ ಹೆಂಡತಿ ರಂಗಮ್ಮನ ಮುಂದೆ ಹಾರಾಡಿದ.

"ಅವ ಎಂಥದೂ ಅನ್ನಲಿಲ್ವಲ್ರಿ, ಅವರೇ ಹೆಸರು ಹೇಳಿದ್ದು," ಎಂದಳು ರಂಗಮ್ಮ.

"ನೀನು ಸುಮ್ನಿರು."

ಮರುದಿನವೇ ಬಿಳಿ ಜುಬ್ಬ ತೊಟ್ಟು ಪ್ರಚಾರಕ್ಕೆ ಹೊರಟ. ಬಸ್ಸು ಹೋಗುವಲ್ಲಿಗೆ ಬಸ್ಸು, ಅಲ್ಲಿಂದ ಮುಂದೆ ಕಾಲ್ನಡಿಗೆ. ಹುಲಿಕಲ್ಲಿನಲ್ಲಿ ಪಕ್ಷದ ಹಳೆಯ ಸದಸ್ಯೆ ದುಗ್ಗಮ್ಮನ ಮನೆಗೆ ಹೋದ. ಮುದುಕಿ ಬೆಲ್ಲ ನೀರು ಕೊಟ್ಟಳು, ಎಲೆ ಅಡಿಕೆ ತಟ್ಟೆ ಮುಂದಿಟ್ಟಳು. ಮಂಜುನಾಥಪ್ಪ ಜೈಲಿನ ಕತೆಯನ್ನು ಲಾಠಿ ಪೆಟ್ಟಿನವರೆಗೆ ತಂದಿದ್ದ. ಮುದುಕಿ ನಡುವೆ ಬಾಯಿ ಹಾಕಿದಳು.

"ಮಾಸ್ತಪ್ಪ ಸಿಕ್ಕಿದ್ರೆ ಹೇಳಪ್ಪ, ಕೊಟ್ಟಿಗೆ ಒಳಗೆ ಬಿಸಿಲು ಬೀಳಾದು ನಿಂತದೆ ಅಂತ."

"ಅವ ಇಲ್ಲಿಗೂ ಬಂದಿದ್ನಾ?"

"ಮೊನ್ನೆ ಬಂದಿದ್ದ. ಮಾಡಿನ ಮೇಲೆ ಹತ್ತಿ ಸೋಗೆ ಹೊದಿಸಿ ಹೋದ. ಒಳ್ಳೇ ಹುಡುಗ."

"ಅಧ್ಯಕ್ಷ ಆಗ್ಬೇಕು, ತನ್ನ ಕಡೆ ಬನ್ನಿ ಅಂದ್ನಾ?"

"ಅದೆಂಥ ಅಧ್ಯಕ್ಷ? ಅವ ಎಂಥದೂ ಹೇಳ್ಲಿಲ್ವಪ್ಪ."

ಮಾಸ್ತಪ್ಪ ಬೆಂಬಲ ಕೇಳಿದ್ದರೆ ಮಂಜುನಾಥಪ್ಪನಿಗೆ ಇಷ್ಟು ಉರಿಯುತ್ತಿರಲಿಲ್ಲ. ಕೇಳದೆ ಪಡೆಯುವವನನ್ನು ಕಂಡರೆ ಬೇಡುವವನಿಗೆ ಆಗುವ ಸಂಕಟವೇ ಬೇರೆ. ಬೆಲ್ಲ ನೀರು ಕುಡಿದ ಬಾಯಿ ಅವನಿಗೆ ಕಹಿಯಾಯಿತು.

ತೀರ್ಥಹಳ್ಳಿಯ ಕಡೆ ಹೋದರೂ ಅದೇ ಹಾಡು. ಒಬ್ಬನ ಮಗಳಿಗೆ ಮಾಸ್ತಪ್ಪ ಗಂಡು ಹುಡುಕಿಕೊಟ್ಟಿದ್ದ, ಇನ್ನೊಬ್ಬನ ಕೋರ್ಟು ಕೇಸಿಗೆ ಸಾಕ್ಷಿ ನಿಂತಿದ್ದ. ಬ್ಯಾಕೋಡಿಗೆ ಹೋಗಲು ಹಿನ್ನೀರಿನ ಲಾಂಚು ಹತ್ತಿದರೆ, ಅಲ್ಲಿ ಸ್ವತಃ ಮಾಸ್ತಪ್ಪನೇ ಇದ್ದ. ಕಂಡವನೇ ಎದ್ದು ಬಂದು ಇವನ ಚೀಲ ಇಸಿದುಕೊಂಡ.

"ಬಿಸಿಲಲ್ಲಿ ಯಾಕೆ ತಿರುಗ್ತೀರಿ ಅಣ್ಣ? ನಮ್ಮ ಕಡೆ ಊರಿಗೆ ನಾನೇ ಕರ್ಕಂಡ್ ಹೋಗ್ತೀನಿ. ಎಲ್ರಿಗೂ ನೀವೇ ಹೇಳಿ, ಅವ್ರು ಯಾರ ಕಡೆಗಾದ್ರೂ ಬರ್ಲಿ."

ಇದನ್ನು ಇನ್ಯಾರಾದರೂ ಕೇಳಿದ್ದರೆ ಮನಸ್ಸು ಕರಗುತ್ತಿತ್ತು. ಮಂಜುನಾಥಪ್ಪ ಮಾತ್ರ, ಇವನು ತನ್ನ ಜನರ ಮುಂದೆ ನನ್ನನ್ನು ಮೆರವಣಿಗೆಯ ಕೋಣದ ಹಾಗೆ ತೋರಿಸಲು ನೋಡುತ್ತಿದ್ದಾನೆ ಎಂದುಕೊಂಡ. ಹೊಟ್ಟೆನೋವಿನ ನೆಪ ಹೇಳಿ ಅದೇ ಲಾಂಚಿನಲ್ಲಿ ವಾಪಸು ಬಂದ. ಮನೆಗೆ ಬಂದರೆ ಅಲ್ಲೂ ಅವನದೇ ಸುದ್ದಿ.

"ನಿನ್ನೆ ನೀವಿಲ್ದಾಗ ಮಾಸ್ತಪ್ಪ ಬಂದಿದ್ದ. ಊಟ ಮಾಡ್ಕಂಡು ಹೋದ," ಎಂದಳು ರಂಗಮ್ಮ.

"ಎಂಥ ಸಾರು ಮಾಡಿದ್ದೆ?"

"ಏಡಿ ಸಾರು."

ಕಳೆದ ಮಳೆಗಾಲದಿಂದ ಮಂಜುನಾಥಪ್ಪ ಏಡಿ ಸಾರು ಕೇಳುತ್ತಿದ್ದ. ಪೇಟೆಯ ಹತ್ತಿರ ಇದ್ದುಕೊಂಡು ಏಡಿ ಎಲ್ಲಿಂದ ತರಲಿ ಎಂದು ಅವಳು ಗೊಣಗುತ್ತಿದ್ದಳು. ಏಡಿ ತಂದವನು ಮಾಸ್ತಪ್ಪನೇ, ಇವನ ಪಾಲನ್ನು ಗಡಿಗೆಯಲ್ಲಿ ತೆಗೆದಿಟ್ಟಿದ್ದಾಳೆ ಎಂದು ಗೊತ್ತಾದ ಮೇಲೂ ಸಿಟ್ಟು ಇಳಿಯಲಿಲ್ಲ. ಸಾರು ಬಹಳ ರುಚಿಯಾಗಿತ್ತು. ಅದಕ್ಕೇ ಅರ್ಧ ಊಟಕ್ಕೆ ಎದ್ದು ಕೈ ತೊಳೆದ.

ಈಗ ನಮ್ಮ ಪಕ್ಷದ ಚುನಾವಣೆ ಹೇಗೆ ನಡೆಯುತ್ತಿತ್ತು ಎಂದು ಹೇಳಬೇಕು. ನಮ್ಮಲ್ಲಿ ಓದು ಬರಹ ಬಲ್ಲವರು ಕಮ್ಮಿ, ಚೀಟಿ ಹಾಕುವ ಪದ್ಧತಿ ಇರಲಿಲ್ಲ. ಕೈ ಎತ್ತಿಸಿದರೆ ಕೆಲವರು ಎರಡೂ ಕಡೆಗೆ ಎತ್ತುತ್ತಿದ್ದರು. ಹಾಗಾಗಿ ಕಂಬಳಿ ಹಾಸುವುದು ರೂಢಿಯಾಗಿತ್ತು. ಚುನಾವಣೆಗೆ ನಿಂತವರು ತಮ್ಮ ತಮ್ಮ ಕಂಬಳಿ ತಂದು ಹಾಸಿ ಅದರ ತಲೆಗೆ ಕೂರಬೇಕು. ಸದಸ್ಯರು ತಮಗೆ ಬೇಕಾದವನ ಕಂಬಳಿಯ ಮೇಲೆ ಹೋಗಿ ಕೂರಬೇಕು. ತಲೆ ಎಣಿಸಿದರೆ ಮುಗಿಯಿತು. ಕಂಬಳಿಯ ಮೇಲೆ ಕೂತು ಹೇಳಿದ ಮಾತಿಗೆ ತಪ್ಪಬಾರದು ಎಂಬ ನಂಬಿಕೆ ಬೇರೆ ನಮ್ಮ ಜನರಲ್ಲಿ ಹಿಂದಿನಿಂದಲೂ ಇತ್ತು.

ಸಭೆಗೆ ನಾಲ್ಕು ದಿನ ಇರುವಾಗ ಸುದ್ದಿ ಬಂತು. ಮಾಸ್ತಪ್ಪನಿಗೆ ಇದ್ದದ್ದು ಒಂದೇ ತೂತು ಕಂಬಳಿಯಂತೆ, ಅದಕ್ಕಾಗಿ ಮುಳುಗಡೆಯ ಮನೆಮನೆಯವರೂ ತಮ್ಮ ಕಂಬಳಿ ಹೊತ್ತು ತರುತ್ತಾರಂತೆ. ಮಂಜುನಾಥಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ತನಗಾಗಿ ಯಾರೂ ಒಂದು ಗೋಣಿಯನ್ನೂ ತರುತ್ತೇನೆ ಎಂದಿರಲಿಲ್ಲ. ಮಾಸ್ತಪ್ಪನ ಕರಿ ಕಂಬಳಿಗಳ ರಾಶಿಯ ಪಕ್ಕದಲ್ಲಿ ಕಣ್ಣು ಕೋರೈಸುವಂಥದು ಏನಾದರೂ ಹಾಸಬೇಕು, ಜನ ನೋಡಿ ಬಾಯಿ ಬಿಡಬೇಕು ಎಂದು ಅವನು ತಲೆ ಕೆಡಿಸಿಕೊಂಡ. ಕೊನೆಗೆ ಹೆಬ್ಬೈಲಿನ ಒಡೆಯರ ಮನೆಗೆ ನಡೆದ.

ಹೌದು, ಒಡೆಯರ ಮನೆಗೇ! ಯಾರ ವಿರುದ್ಧ ಜೈಲಿಗೆ ಹೋಗಿದ್ದನೋ ಅವರ ಬಾಗಿಲಿಗೆ. ಹೊಟ್ಟೆಕಿಚ್ಚು ತಲೆಗೇರಿದವನಿಗೆ ದಾರಿ ಎಲ್ಲಿ ಕಾಣುತ್ತದೆ? ಗೇಣಿ ಕಾಯಿದೆಗಳು ಬದಲಾಗುತ್ತಿದ್ದ ಕಾಲ, ಒಡೆಯರೂ ಮೆತ್ತಗಾಗಿದ್ದರು. ಕುರ್ಚಿ ಕೊಟ್ಟು ಕೂರಿಸಿ, ಅವನು ಕೇಳಿದ ಕೂಡಲೇ ಚಾವಡಿಯಲ್ಲಿ ಹಾಸುವ ದೊಡ್ಡ ಜಮಖಾನವನ್ನು ಆಳಿನಿಂದ ಮಡಚಿಸಿದರು.

"ತಗೊಂಡು ಹೋಗು ಮಂಜುನಾಥಪ್ಪ. ನಿನ್ನಂಥ ದೊಡ್ಡ ಮನುಷ್ಯ ಕಂಬಳಿ ಮೇಲೆ ಕೂತರೆ ಚೆಂದವಾ?"

ಆ ಮನೆಯವರು ಅವನನ್ನು ದೊಡ್ಡ ಮನುಷ್ಯ ಎಂದದ್ದು ಅದೇ ಮೊದಲು. ಮಂಜುನಾಥಪ್ಪ ಉಬ್ಬಿಹೋದ.

ಸಭೆ ಹೊಸನಗರದ ಹಳೆಯ ಅಕ್ಕಿ ಗಿರಣಿಯ ಅಂಗಳದಲ್ಲಿ ಸೇರಿತು. ಸುಗ್ಗಿ ಮುಗಿದ ಬಿಡುವಿನ ದಿನ. ಮೂರೂ ತಾಲ್ಲೂಕಿನಿಂದ ಜನ ಬಂದಿದ್ದರು. ತೀರ್ಥಹಳ್ಳಿಯಿಂದ ಬಂದ ನಿವೃತ್ತ ಮೇಷ್ಟರು ನಾರಾಯಣಮೂರ್ತಿಗಳು ಪಕ್ಷದ ಹಿರಿಯರು, ತಲೆ ಎಣಿಸುವ ಕೆಲಸ ಯಾವಾಗಲೂ ಅವರದೇ. ಎಡಗಡೆ ಮಾಸ್ತಪ್ಪನ ಕಂಬಳಿಗಳು ಒಂದಕ್ಕೊಂದು ತಾಗಿಕೊಂಡು ಬಿದ್ದಿದ್ದವು. ಬಲಗಡೆ ಮಂಜುನಾಥಪ್ಪ ಜಮಖಾನ ಬಿಡಿಸಿದ. ಕುಂಕುಮದ ಬಣ್ಣ, ಸುತ್ತ ಹಸಿರು ಗಿಳಿಗಳ ಅಂಚು. ಜನ ನಿಜಕ್ಕೂ ಬಾಯಿ ಬಿಟ್ಟು ನೋಡಿದರು. ಮಂಜುನಾಥಪ್ಪ ಜುಬ್ಬ ಸರಿಮಾಡಿಕೊಂಡು ಅದರ ತಲೆಗೆ ಕೂತು, ವಾರೆಗಣ್ಣಿನಲ್ಲಿ ಮಾಸ್ತಪ್ಪನ ಮುಖ ನೋಡಿದ.

"ಇನ್ನು ಕೂತುಕೊಳ್ಳಿ," ಎಂದರು ಮೇಷ್ಟರು.

ಮೊದಲು ಹೊರಟವರು ಮಂಜುನಾಥಪ್ಪನ ಕಡೆಯವರೇ. ಮುಂದೆ ಕನ್ನಪ್ಪ. ಜೈಲಿನಲ್ಲಿ ಇವನ ಜೊತೆಗಿದ್ದ ಮುದುಕ. ಜಮಖಾನದ ಹತ್ತಿರ ಬಂದವನು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ.

"ಇದು ಹೆಬ್ಬೈಲ ಚಾವಡೀದಲ್ದಾ?"

"ಹೌದು ಮಾರಾಯ. ಅದಕ್ಕೇನು? ಕೂರು."

"ಇದ್ರ ಮೇಲೆ ಕೂರಾದು ಹ್ಯಾಂಗೆ?"

ಕನ್ನಪ್ಪನಿಗೆ ಸಿಟ್ಟಿರಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ಒಡೆಯರ ಚಾವಡಿ ಎತ್ತರದ್ದು. ಗೇಣಿ ಭತ್ತ ಹೊತ್ತು ಹೋದವರು ಕೆಳಗೆ ಅಂಗಳದಲ್ಲಿ ನಿಲ್ಲಬೇಕು. ಅಲ್ಲಿ ನಿಂತವರ ಕಣ್ಣಿಗೆ ಸಮವಾಗಿ ಸಿಗುತ್ತಿದ್ದದ್ದು ಈ ಗಿಳಿಗಳೇ. ಕನ್ನಪ್ಪನ ಅಪ್ಪ ಈ ಗಿಳಿಗಳನ್ನು ನೋಡುತ್ತ ಬೈಗುಳ ತಿಂದಿದ್ದ, ಕನ್ನಪ್ಪನೂ ತಿಂದಿದ್ದ. ಪೊಲೀಸರಿಗೆ ಹೆದರದ ಮನುಷ್ಯನ ಮೊಣಕಾಲು ಅಲ್ಲಿ ಬಗ್ಗಲಿಲ್ಲ. ಹಿಂದಿದ್ದವರೂ ನಿಂತರು. ಕೆಲವರು ಮೆಲ್ಲಗೆ ಮಾಸ್ತಪ್ಪನ ಕಡೆ ಸರಿದರು. ಉಳಿದವರು ಮಂಜುನಾಥಪ್ಪನ ಮುಖ ನೋಡಲಾರದೆ, ಎರಡರ ಮೇಲೂ ಅಲ್ಲದೆ, ಬರಿನೆಲದ ಮೇಲೆ ಕುಕ್ಕರಿಸಿದರು.

"ಕೂರ್ರೋ," ಎಂದ ಮಂಜುನಾಥಪ್ಪ. ಅಷ್ಟು ದೊಡ್ಡ ಜಮಖಾನದ ಮೇಲೆ ಅವನೊಬ್ಬನೇ. ಅತ್ತ ಕಂಬಳಿಗಳ ಮೇಲೆ ಜಾಗವಿಲ್ಲದೆ ಜನ ಒತ್ತಿಕೊಂಡು ಕೂತಿದ್ದರು. ಮೇಷ್ಟರು ಎಣಿಸುವ ಮೊದಲು ಕನ್ನಡಕವನ್ನು ಒರೆಸಿದರು, ಮತ್ತೆ ಒರೆಸಿದರು.

ಆಗ ಮಾಸ್ತಪ್ಪ ಎದ್ದ. ತನ್ನ ಕಂಬಳಿ ಬಿಟ್ಟು, ಅಂಗಳ ದಾಟಿ ಬಂದು, ಧೂಳುಗಾಲಿನಲ್ಲೇ ಜಮಖಾನ ತುಳಿದು ಮಂಜುನಾಥಪ್ಪನ ಮಗ್ಗುಲಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಮೆತ್ತಗದೆ ಕಣ್ರೋ!" ಎಂದು ಕೂಗಿ ಹೇಳಿದ. "ನಮ್ಮ ಗೇಣಿ ಭತ್ತ ಮಾರಿ ತಂದಿದ್ದೇ ಇರ್ಬೇಕು. ಕನ್ನಪ್ಪಜ್ಜ, ಬಾ, ನಿನ್ನ ಗಿಳಿ ಮೇಲೆ ನೀನೇ ಕೂತ್ಕ!"

ಹಿಂದೆ ಎಲ್ಲೋ ಒಬ್ಬ ನಕ್ಕ. ಕನ್ನಪ್ಪ ಬಂದು ಗಿಳಿಯನ್ನು ಕೈಯಿಂದ ಒಮ್ಮೆ ಸವರಿ, ಅದರ ಮೇಲೆ ಧೊಪ್ಪನೆ ಕೂತ. ಅಷ್ಟೇ ಬೇಕಾಗಿದ್ದದ್ದು. ಜನ ಮದುವೆಮನೆಯ ಪಂಕ್ತಿಗೆ ನುಗ್ಗಿದ ಹಾಗೆ ನುಗ್ಗಿದರು. ನೆಲದಲ್ಲಿದ್ದವರು ಬಂದರು, ಕಂಬಳಿಯವರೂ ಬಂದರು. ಹೆಂಗಸರು ಮಕ್ಕಳನ್ನು ಜಮಖಾನದ ಮೇಲೆ ಉರುಳಾಡಿಸಿದರು. ಕೆಲವು ಮುದುಕರ ಕಣ್ಣಲ್ಲಿ ನೀರಿತ್ತು. ಮಾಸ್ತಪ್ಪನ ಕಂಬಳಿಗಳ ಮೇಲೆ ಉಳಿದದ್ದು ಅವನ ಎಲೆ ಸಂಚಿ ಒಂದೇ.

"ಮಾಸ್ತಪ್ಪ, ನೀನು ಚುನಾವಣೆಗೆ ನಿಂತವನು. ಹೀಗೆ ಬಂದು ಕೂತರೆ ಹೇಗೆ?" ಎಂದರು ಮೇಷ್ಟರು.

"ಕೂರಬಾರ್ದು ಅಂತ ಎಲ್ಲಾದ್ರೂ ಅದಾ ಮೇಷ್ಟ್ರೆ?"

ಮೇಷ್ಟರು ಯೋಚಿಸಿದರು. ಹಾಗಂತ ಎಲ್ಲೂ ಇರಲಿಲ್ಲ. ತಲೆ ಎಣಿಸಿದರು. ಮಂಜುನಾಥಪ್ಪ ಮೂರು ತಾಲ್ಲೂಕಿನ ಗೇಣಿ ರೈತರ ಪಕ್ಷದ ಅಧ್ಯಕ್ಷನಾಗಿ ಆರಿಸಿ ಬಂದಿದ್ದಾನೆ ಎಂದು ಸಾರಿದರು. ಸೇವಂತಿಗೆ ಹಾರ ಬಂತು. ಜೈಕಾರ ಕೂಗಿದವರು ಕೂಗುವಾಗ ನೋಡುತ್ತಿದ್ದದ್ದು ಮಾತ್ರ ಮಾಸ್ತಪ್ಪನ ಮುಖವನ್ನು.

ಜನ ಕರಗಿದ ಮೇಲೆ ಮಂಜುನಾಥಪ್ಪ ಮಾಸ್ತಪ್ಪನನ್ನು ಗಿರಣಿಯ ಗೋಡೆಯ ಮರೆಗೆ ಕರೆದ. ಏನೋ ಒಳಸಂಚಿದೆ, ಇದಕ್ಕೆ ಪ್ರತಿಯಾಗಿ ಏನನ್ನೋ ಕೇಳುತ್ತಾನೆ ಎಂದು ಅವನಿಗೆ ಖಾತ್ರಿಯಾಗಿತ್ತು. ಏನಾದರೂ ಕೇಳಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಲೂ ಇದ್ದ.

"ಯಾಕೆ ಬಂದು ಕೂತೆ? ನಿಜ ಹೇಳು. ಎಂಥ ಬೇಕು ನಿಂಗೆ?"

ಮಾಸ್ತಪ್ಪ ಸಂಕೋಚದಿಂದ ತಲೆ ಕೆರೆದುಕೊಂಡ.

"ಎಂಥದೂ ಇಲ್ಲ ಅಣ್ಣ. ನೀವು ಒಬ್ರೇ ಕೂತಿದ್ರಿ. ನೋಡಾಕಾಗ್ಲಿಲ್ಲ."

ಅಷ್ಟು ಹೇಳಿ, ಕೊನೆಯ ಬಸ್ಸು ತಪ್ಪುತ್ತದೆಂದು ಕಂಬಳಿಗಳನ್ನು ಹೊತ್ತ ತನ್ನವರ ಹಿಂದೆ ಓಡಿದ.

ಮಂಜುನಾಥಪ್ಪ ಗಿರಣಿಯ ಜಗಲಿಯ ಮೇಲೆ ಕುಸಿದ. ಕೆನ್ನೆಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಈಗಲೇ ಮೇಷ್ಟರ ಬಳಿ ಹೋಗಿ ಈ ಅಧ್ಯಕ್ಷಗಿರಿ ಬೇಡ ಎಂದುಬಿಡೋಣ ಎಂದು ಎದ್ದ, ನಾಲ್ಕು ಹೆಜ್ಜೆ ಹಾಕಿಯೂ ಹಾಕಿದ. ಬಿಟ್ಟುಕೊಟ್ಟರೆ ಅದು ಹೋಗುವುದು ಮಾಸ್ತಪ್ಪನಿಗೆ. ಇಟ್ಟುಕೊಂಡರೆ ಅದು ಮಾಸ್ತಪ್ಪ ಕೊಟ್ಟದ್ದು. ಅವನು ಅಂಗಳದ ನಡುವೆ ನಿಂತ. ಮೇಷ್ಟರು ದೂರದಿಂದ "ಅಧ್ಯಕ್ಷರೇ, ಬರುತ್ತೀರಾ?" ಎಂದು ಕರೆದರು. ಮಂಜುನಾಥಪ್ಪ ಕೊರಳಿನ ಹಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, "ಬಂದೆ," ಎಂದ.